ಮೀಟರ್ ದಾಟಿ ಹೋದ ತಂತಿ

...ಇಲ್ಲ ಅಕ್ಕಾ, ಕೂತ್ಕೋ. ನಿನ್ನ ಸಾಮಾನು ಆಮೇಲೆ ಕಟ್ಟಿದ್ರಾಯ್ತು. ನಾನು ನಿಂತಿರ್ತೀನಿ, ನನಗೆ ಕೂರೋಕಾಗ್ತಿಲ್ಲ. ನಾಲ್ಕಕ್ಕೆ ಸಾಹೇಬರು ಕರೀತಾರೆ. 'ಟೆಸ್ಟ್ ಬೋರ್ಡಿಗೆ ಬೆಸುಗೆ ಹಾಕುವಾಗ ನನ್ನ ಕೈ ತಪ್ತು' ಅಂದ್ಬಿಡು. ಅಷ್ಟೇ.

ಯಾಕೆ ನಗ್ತೀಯ?

ನಾನು ಮಾಡಿದ ಈ ಚಿಪ್ಪಿನ ಕಷ್ಟ ನಿನಗೆ ಗೊತ್ತಿಲ್ವಾ? ಗಾಳೀಲಿ ಬರೋ ರೇಡಿಯೋ ಅಲೇನ ಸೆಕೆಂಡಿಗೆ ಮುನ್ನೂರು ಕೋಟಿ ಸಲ ಅಳೆದು ಅಂಕಿ ಮಾಡ್ಬೇಕು. ಅಷ್ಟು ದುಡಿಯೋದು ಕರೆಂಟ್ ಕುಡಿಯದೇ ಇರುತ್ತಾ? ಆದ್ರೂ ನಲವತ್ತು ಮಿಲಿವ್ಯಾಟ್ ದಾಟಲ್ಲ ಅಂತ ಮಾತು ಕೊಟ್ಟಿದ್ದೆ. ಮೀಟರ್ ಮೂವತ್ತೆಂಟು ತೋರಿಸ್ತು! ಎಲ್ಲರೂ ಚಪ್ಪಾಳೆ ತಟ್ಟಿದ್ರು. ನೀನೂ ತಟ್ಟಿದೆ... ತಟ್ಟಲಿಲ್ವಾ? ಸರಿ, ಬಿಡು.

ಈಗ ಗಿರಾಕಿಗಳು ಅಳೆದ್ರೆ ತೊಂಬತ್ತು. ಒಂದೊಂದು ರಿಸೀವರಿಗೆ ಇಂಥವು ಮೂವತ್ತೆರಡು. ಬಿಸಿಗೆ ಕೈಯಲ್ಲಿ ಹಿಡಿಯೋಕಾಗಲ್ವಂತೆ, ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತಂತೆ. ನಮ್ಮಲ್ಲಿ ಮೂವತ್ತೆಂಟೇ ಬಂದಿದ್ದು ಯಾಕೆ ಅಂದ್ರೆ... ಚಿಪ್ಪಿಗೆ ತಾಳ ಹಾಕೋ ಗಡಿಯಾರದ ಭಾಗ ಇದೆಯಲ್ಲ, ಅದರ ಕರೆಂಟ್ ನಮ್ಮ ಮೀಟರಿನೊಳಗೆ ಹಾದೇ ಇಲ್ಲ. ಯಾರೋ ಪಕ್ಕದಿಂದ ಒಂದು ತಂತಿ ಎಳೆದು ನೇರವಾಗಿ ಕೊಟ್ಟಿದ್ದಾರೆ.

ಯಾರೋ ಅಂದ್ರೆ... ಬೋರ್ಡ್ ಕೆಲಸ ನಿಂದು ತಾನೇ? ಹಾಗಂತ ವರದೀಲಿ ಬರೆದೆ. ಹೌದು, ನಾನೇ ಬರೆದೆ. ಹಾಗೆ ದುರುಗುಟ್ಟಬೇಡ ಅಕ್ಕಾ. ನಿನಗೆ ಇನ್ನೊಂದು ಕಡೆ ಕೆಲಸ ಸಿಗುತ್ತೆ, ನಿನ್ನ ಕೈ ಅಂಥದ್ದು. ನನ್ನ ಹೆಸರು ಒಮ್ಮೆ ಕೆಟ್ರೆ... ಹದಿನೈದು ವರ್ಷ ಅಕ್ಕಾ, ಹದಿನೈದು ವರ್ಷ ಮಣ್ಣುಪಾಲು.

ಬೋರ್ಡ್ ಯಾಕೆ ಎತ್ಕೊಂಡೆ? ಇಡು. ಭೂತಗನ್ನಡಿ ನನಗ್ಯಾಕೆ? ನೋಡೋಕೇನಿದೆ ಅದ್ರಲ್ಲಿ... ಸರಿ, ಕೊಡು.

ಇವು ನೀನು ಹಾಕಿದ ಬೆಸುಗೆ. ಇನ್ನೂರು ಇರಬೇಕು. ಎಲ್ಲಾ ಒಂದೇ ಅಳತೆ, ಸಾಸಿವೆ ಕಾಳು ಸಾಲಾಗಿ ಇಟ್ಟ ಹಾಗೆ. ಇದು... ಇದು ಆ ತಂತಿ ತುದಿ. ದಪ್ಪ ಉಂಡೆ. ಸುತ್ತ ಸುಟ್ಟು ಕಪ್ಪಾಗಿದೆ.

ಬೈಯಿ, ಬೇಕಾದ್ರೆ ಎರಡು ಬಾರಿಸು. ಮತ್ತೆ ಸಾಮಾನು ಕಟ್ಟೋಕೆ ಹೋಗಬೇಡ ಅಕ್ಕಾ...

ಅವತ್ತು ನೀನು ರಜೆ ಹಾಕಿದ್ದೆ. ಮೀಟರ್ ತೊಂಬತ್ತು ತೋರಿಸ್ತು. ಮೂರು ಸಲ ಅಳೆದೆ, ಮೂರು ಸಲವೂ ತೊಂಬತ್ತು. ಬಾಗಿಲು ಹಾಕ್ಕೊಂಡು ನಿನ್ನ ಬೆಸುಗೆ ಕಡ್ಡಿ ಕಾಯಿಸಿದೆ... ನೀನು ಎಷ್ಟು ಹೇಳಿಕೊಟ್ಟೆ. ಬೆಸುಗೆ ಹಾಕೋದು ನನಗೆ ಕೊನೇತನಕ ಬರಲೇ ಇಲ್ಲ.