ಕೈ ತೂರದ ಬಳೆ

ನಮ್ಮ ಅಕ್ಕ ಅವತ್ತು ರಾತ್ರಿ ಬಾವಿ ದಾರಿ ಹಿಡಿದಿದ್ದೇ ತಪ್ಪು ಅಂತ ಮನೆಯವರೆಲ್ಲ ಈಗಲೂ ಅಂತಾರೆ. ಸುಮ್ಮನಿರಿ ಅಂತೀನಿ ನಾನು. ದಾರಿ ಏನು ಮಾಡುತ್ತೆ ಪಾಪ! ತಪ್ಪಾಗಿದ್ದು ಆಫೀಸಲ್ಲಿ, ಹಾಡಹಗಲೇ.

ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ಮ್ಯೂಸಿಯಂ ಲ್ಯಾಬಲ್ಲಿ ಹಳೇ ಕಾಲದ ಚಿನ್ನದ ಒಡವೆ ಪರೀಕ್ಷೆ ಮಾಡೋಳು. ಹೇಗೆ ಬಡಿದರು, ಹೇಗೆ ಬೆಸೆದರು, ಬೆಸುಗೆಗೆ ತಾಮ್ರ ಎಷ್ಟು ಬೆರೆಸಿದರು... ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡೋದೇ ಕೆಲಸ. ಆರು ವರ್ಷವಾದ್ರೂ ಕೆಲಸ ಕಾಯಂ ಆಗಿರಲಿಲ್ಲ.

ಒಂದು ಬಳೆ ಬಂತು. ಮಣ್ಣಲ್ಲಿ ಸಿಕ್ಕಿದ್ದು, ಎರಡು ಸಾವಿರ ವರ್ಷದ್ದು. ಮಣಿಕಟ್ಟಿಗೆ ಸರಿಯಾಗಿದೆ, ಆದ್ರೆ ಅಂಗೈ ದಾಟಲ್ಲ. ಮತ್ತೆ ಹಾಕ್ಕೊಂಡಿದ್ದು ಹೇಗೆ? ಅಕ್ಕ ಒಳಬದಿಯನ್ನ ಮೈಕ್ರೋಸ್ಕೋಪಲ್ಲಿ ನೋಡಿದಳು. ಬೆಸುಗೆ ಕರಗಿ ಒಳಗೆ ಹರಿದ ಕಡೆ ಗೆರೆ ಅಚ್ಚೊತ್ತಿತ್ತು. ಮರದ ಕೊರಡಿನ ಮೇಲಿಟ್ಟು ಬೆಸೆದ್ರೆ ನಾರಿನ ಗೆರೆ ನೇರ ಬೀಳುತ್ತೆ. ಅವಳೇ ಹಾಗೊಂದು ಬಳೆ ಮಾಡಿಸಿ ನೋಡಿದಳು. ಇದು ನೇರ ಇರಲಿಲ್ಲ. ಚರ್ಮದ ಗೆರೆ. ರೋಮದ ತೂತು ಸಮೇತ. ಹೊರಬದಿ ವರ್ಷಗಟ್ಟಲೆ ತೊಟ್ಟು ಸವೆದಿತ್ತು. ತಿಳೀತಾ? ಉಸಿರಾಡ್ತಿದ್ದ ಹೆಂಗಸಿನ ಕೈಗೆ ಬಳೆ ಸುತ್ತಿ, ಅಲ್ಲೇ ಬೆಂಕಿ ಊದಿ ಬೆಸೆದಿದ್ರು. ಯಾವತ್ತೂ ತೆಗೀಬಾರದು ಅಂತ.

ಚಿನ್ನದ ಚೂರಿ ಅಂತ ಯಾರಾದ್ರೂ ಹೊಟ್ಟೆಗೆ ಚುಚ್ಚಿಕೊಳ್ತಾರಾ ಅಂತ ನಮ್ಮಜ್ಜಿ ಕೇಳ್ತಿದ್ರು. ಚುಚ್ಚೋರು ಬೇರೆಯವರೇ ಇರ್ತಾರೆ ಅಂತ ಅಜ್ಜಿಗೆ ಗೊತ್ತಿರಲಿಲ್ಲ.

ಮ್ಯೂಸಿಯಂ ಸಾಹೇಬರು ಅಕ್ಕನ ವರದಿ ಓದಿದರು. "ಮಕ್ಕಳುಮರಿ ನೋಡೋಕೆ ಬರೋ ಜಾಗ ಕಣಮ್ಮ ಇದು. ಕೊರಡಿನ ಮೇಲೆ ಬೆಸೆದಿದ್ದು ಅಂತ ಬರೆದುಬಿಡು. ನಿನ್ನ ಕಾಯಂ ಆರ್ಡರ್ ಇಲ್ಲೇ ಮೇಜಿನ ಮೇಲಿದೆ."

ಅಕ್ಕ ಬರೆದುಕೊಟ್ಟಳು. ಬೈಬೇಡಿ, ಹೊಟ್ಟೆಪಾಡು. ನಾನಾಗಿದ್ರೂ ಬರೀತಿದ್ದೆ.

ಎಲ್ಲಾ ಪ್ರತಿ ತಿದ್ದಿ ಹೊರಡುವಾಗ ರಾತ್ರಿ ಹತ್ತೂವರೆ. ಗಲ್ಲಿ ತುದಿಯಲ್ಲಿ ಆ ಪಾಳುಬಾವಿ. ಹಗ್ಗ ಇಲ್ಲ, ಕೊಡ ಇಲ್ಲ, ಬರೀ ರಾಟೆ. ಅದು ತಿರುಗ್ತಿತ್ತು. ಕಿರ್ರ್... ಕಿರ್ರ್... ಗಾಳಿ ಒಂದಿಷ್ಟೂ ಇಲ್ಲ.

ಆಮೇಲೆ ಇನ್ನೊಂದು ಸದ್ದು. ಊದುಗೊಳವೆಯಲ್ಲಿ ಕೆಂಡ ಊದಿದ ಹಾಗೆ. ಫೂ... ಫೂ... ಕಿವಿ ಪಕ್ಕದಲ್ಲೇ.

"ಏನಂತ ಬರೆದೆ?" ಹೆಂಗಸಿನ ದನಿ. ಪಿಸುಮಾತು.

ಅಕ್ಕ ಗರಕ್ಕನೆ ತಿರುಗಿದಳು. "ಯಾ... ಯಾರು?"

"ಏನಂತ ಬರೆದೆ?"

"ಕೊರಡು... ಕೊರಡಿನ ಮೇಲೆ ಅಂತ."

ಕತ್ತಲಲ್ಲಿ ಒಂದು ಕೈ ಬಂದು ಅಕ್ಕನ ಬಲಗೈ ಮಣಿಕಟ್ಟು ಹಿಡೀತು. ಬೆಚ್ಚಗಿತ್ತಂತೆ. ನನ್ನ ನಿಮ್ಮ ಕೈ ಥರಾನೇ.

"ತಪ್ಪಾಯ್ತು ತಾಯಿ... ಬೆಳಿಗ್ಗೇನೇ ತಿದ್ದಿ ಬರೀತೀನಿ... ಬಿಟ್ಟುಬಿಡು..."

"ಅಳಬೇಡ," ಅಂತು ದನಿ, ತುಂಬಾ ಮೆತ್ತಗೆ. "ಕೊರಡಿಗೆ ನೋವಾಗಲ್ಲ."

ಫೂ...

ನೋವು ಆಗಲೇ ಇಲ್ಲ. ಅವತ್ತಿಂದ ಆ ಕೈಗೆ ಏನೂ ಗೊತ್ತಾಗಲ್ಲ. ಬೆರಳಾಡುತ್ತೆ, ಪೆನ್ನು ಹಿಡಿಯುತ್ತೆ, ಸೂಜಿ ಚುಚ್ಚಿದ್ರೆ ಮಾತ್ರ ಅರಿವಿಲ್ಲ. ಡಾಕ್ಟರ್ ನರ ಅಂದ್ರು. ಅಕ್ಕ ಮಾತು ಉಳಿಸಿಕೊಂಡಳು ರೀ! ಬೆಳಿಗ್ಗೆ ಹೋಗಿ ನಿಜ ಬರೆದುಕೊಟ್ಟಳು. ಸಾಹೇಬರು ವರದಿ ಹರಿದರು, ಆರ್ಡರೂ ಹರಿದರು. ಕೆಲಸ ಹೋಯ್ತು. ಕೈ ವಾಪಸ್ ಬರಲಿಲ್ಲ. ಯಾವ ನ್ಯಾಯ ಇದು, ಹೇಳಿ?

ಮೊನ್ನೆ ನಮ್ಮ ಅಡುಗೆಮನೆಯಲ್ಲಿ ನನ್ನ ಜೊತೆ ಹರಟೆ ಹೊಡೀತಾ ನಿಂತಿದ್ದಳು. ಬಲಗೈ ಉರಿಯೋ ಒಲೆ ಮೇಲಿತ್ತು. ಅವಳಿಗೆ ಗೊತ್ತೇ ಇಲ್ಲ, ನಗ್ತಾನೇ ಇದ್ದಳು. ನನಗೆ ವಾಸನೆ ಬಡಿದು ತಿರುಗಿ ನೋಡಿದೆ. ಕೂಗಿಕೊಂಡು ಒಂದು ಚೊಂಬು ನೀರು ಸುರಿದೆ. ಚುಂಯ್... ಅಂತು.

ಅದು ಮೈ ಸುಟ್ಟ ವಾಸನೆ ಅಲ್ಲ. ಒಣ ಸೌದೆ ಹೊಗೆ.

ನಂಬೋದಾದ್ರೆ ನಂಬಿ, ಇಲ್ಲಾಂದ್ರೆ ಎದ್ದು ಹೋಗಿ ಮಲಗಿ. ಅಕ್ಕನನ್ನ ಕೂರಿಸಿ, ಒಲೆ ಕಟ್ಟೆ ಒರೆಸಿದವಳು ನಾನು. ಬಟ್ಟೆಗೆ ಹತ್ತಿದ್ದು ಇದ್ದಿಲು. ನಮ್ಮನೆಯಲ್ಲಿರೋದು ಗ್ಯಾಸ್ ಒಲೆ.