ಹೆಗಲು ಕೊಡಲು ದಾಟಬೇಕಿದ್ದ ರಸ್ತೆ

ನಿಟ್ಟುವಳ್ಳಿಯಲ್ಲಿ ರಸ್ತೆ ದಾಟಲು ಕಾಯುತ್ತಿದ್ದೆ. ಒಂದು ಗಾಡಿಯೂ ನಿಧಾನ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಇಬ್ಬರು ಮುದುಕರು ನಿಂತಿದ್ದರು. ಟೋಪಿ ಹಾಕಿದವರ ಕೈಯಲ್ಲಿ ಸೈಕಲ್ಲಿತ್ತು. ಇನ್ನೊಬ್ಬರು ಅವರ ತೋಳನ್ನು ಬಿಗಿಯಾಗಿ ಹಿಡಿದಿದ್ದರು.

"ಬಿಡು ಗೋಣೆಪ್ಪ, ಆ ಕಡೆ ಗಲ್ಲಿಯಿಂದ ಜನಾಜಾ ಹೊಂಟೈತೆ. ಹುಜೈಫಾಗೆ ನಾಕು ಹೆಜ್ಜೆನಾದ್ರೂ ಹೆಗಲು ಕೊಡಬೇಕು ನಾನು."

"ತಡೀರಿ ಹಯಾತ್ ಸಾಬ್ರೆ. ನಾಳೆ ನಿಮಗೂ ಹೆಗಲು ಕೊಡೋ ಹಂಗ್ ಮಾಡಬ್ಯಾಡ್ರಿ."

"ಕೈ ತೋರಿಸಿದ್ರೆ ನಿಲ್ಲಿಸ್ತಾರೆ."

"ಹುಜೈಫಾನೂ ನಿನ್ನೆ ಇಲ್ಲೇ ಕೈ ತೋರಿಸೇ ಸೈಕಲ್ ತಿರುಗಿಸಿದ್ದ. ಆ ಕಾರಿನೋನು ನಿಲ್ಲಿಸಿದ್ನಾ?"

ಸಾಬರು ಮುಂದಿನ ಗಾಲಿಯನ್ನು ರಸ್ತೆಗೆ ಇಳಿಸಿಯೇಬಿಟ್ಟರು. ಕಾರೊಂದು ಹಾರನ್ ಬಾರಿಸುತ್ತ ಗಾಲಿಯನ್ನು ಸವರಿಕೊಂಡೇ ಹೋಯಿತು.

"ನೋಡಿದ್ರಾ? ಹಿಂದಕ್ಕೆ ಬರ್ರಿ!"

"ನನ್ನ ಹತ್ರ ಸೈಕಲ್ ಕಲಿತ ಹುಡುಗ ಅವನು. ತಿರುಗೋವಾಗ ಕೈ ತೋರಿಸು, ಎಲ್ಲಾರೂ ನಿಲ್ಲಿಸ್ತಾರೆ ಅಂತ ನಾನೇ ಹೇಳಿಕೊಟ್ಟಿದ್ದೆ."

ಗೋಣೆಪ್ಪ ತೋಳನ್ನು ಬಿಡಲಿಲ್ಲ. ಅಷ್ಟರಲ್ಲಿ ಶವ ಹೊತ್ತವರು ಎದುರಿನ ಗಲ್ಲಿಯಿಂದ ರಸ್ತೆಗೆ ಬಂದರು. ಕಾರು, ಆಟೋ, ಬೈಕು ಎಲ್ಲ ಗಕ್ಕನೆ ನಿಂತವು. ಒಂದು ಹಾರನ್ನೂ ಕೇಳಲಿಲ್ಲ.

"ಈಗ ಹೋಗ್ರಿ. ಸೈಕಲ್ ನನ್ನ ಕೈಗೆ ಕೊಡ್ರಿ."

"ನೋಡು ಗೋಣೆಪ್ಪ, ಇವತ್ತು ಎಲ್ಲಾರೂ ಬ್ರೇಕ್ ಹಾಕ್ಯಾರೆ. ನಿನ್ನೆ ಒಬ್ಬ ಹಾಕಿದ್ರೆ ಸಾಕಿತ್ತು."

ಸಾಬರು ನಿಂತ ಕಾರುಗಳ ನಡುವೆ ಹಾದು ಹೋಗಿ ಹೆಗಲು ಕೊಟ್ಟರು. ಗೋಣೆಪ್ಪ ಸೈಕಲ್ ತಳ್ಳಿಕೊಂಡು ಹಿಂದೆ ನಡೆದರು.