ಹೇಳೋ ತನಕ ಬಿಡಬೇಡಿ

ಜನವರಿ ಒಂಬತ್ತು, ಶುಕ್ರವಾರ. ಬೆಳಿಗ್ಗೆ ಕವಿದ ಮಂಜು ಮಧ್ಯಾಹ್ನವಾದರೂ ಕರಗಲಿಲ್ಲ, ಸಂಜೆಗೆ ಇನ್ನಷ್ಟು ದಟ್ಟವಾಯಿತು. ತಾರೀಖು ಹೇಳುವುದು ಯಾಕೆಂದರೆ, ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನಮ್ಮ ಪಕ್ಕದ ಮನೆಯಾಕೆಗೆ ಆದದ್ದು. ಗೋಡೆಗೆ ಗೋಡೆ ತಾಗಿದ ಮನೆ. ಆಕೆ ಹೇಳಿದ್ದಕ್ಕೆ ನಾನು ಉಪ್ಪು ಖಾರ ಹಚ್ಚಿಲ್ಲ.

ಗಂಡ ಹೆಂಡತಿ ಸಭಾಂಗಣದ ಆಟದಿಂದ ಮನೆಗೆ ನಡೆದು ಬರುತ್ತಿದ್ದರು. ಹಗ್ಗದ ಜಾದೂ ಅವರ ಕಸುಬು. ಆತನನ್ನು ಎಲ್ಲರೂ ಕರೆಯುತ್ತಿದ್ದುದು ‘ಹಗ್ಗದಣ್ಣ’ ಎಂದೇ. ಶಾಲೆ, ಕಾರ್ಖಾನೆ, ಸಂಘದ ವಾರ್ಷಿಕೋತ್ಸವ… ಯಾರು ಕರೆದರೂ ಇಬ್ಬರೂ ಹೋಗುವರು. ಆತನ ಹೆಗಲಲ್ಲಿ ಸಾಮಾನಿನ ಚೀಲ. ಒಳಗೆ ರಬ್ಬರ್ ಚಾಕು, ಕೈಗೆತ್ತಿಕೊಂಡ ಕೂಡಲೇ ಬಾಡಿದ ಸೊಪ್ಪಿನಂತೆ ಬಾಗುವ ಮಂತ್ರದಂಡ, ಮುಚ್ಚಳ ತೆಗೆದರೆ ಸ್ಪ್ರಿಂಗ್ ಹಾವು ಹಾರುವ ಡಬ್ಬಿ. ಹೆಜ್ಜೆ ಹಾಕಿದಂತೆಲ್ಲ ಆ ಸ್ಪ್ರಿಂಗು ಒಳಗೇ ‘ಟಿಂಯ್… ಟಿಂಯ್…’ ಅನ್ನುತ್ತಿತ್ತು.

ರೈಲ್ವೆ ವಸತಿಯ ಹಿಂದೆ ಒಂದು ಹಳೆಯ ಬಾವಿ. ಉಗಿ ಎಂಜಿನ್‌ಗಳಿಗೆ ನೀರು ಕೊಡುತ್ತಿದ್ದ ಕಾಲದ್ದು. ಬಾಯಿ ದೊಡ್ಡದು, ಕಟ್ಟೆ ಮೊಣಕಾಲೆತ್ತರ. ಅಲ್ಲಿಗೆ ಬಂದಾಗ ಆಕೆ ನಿಂತಳು.

“ರೀ… ಉದ್ದ ಹಗ್ಗ ಚೀಲದಲ್ಲಿದ್ಯಾ?”

“ನಿನ್ ಹತ್ರ ಇಲ್ವಾ?”

“ನಾನೆಲ್ಲಿ ತಗೊಂಡೆ?”

“ಹಾಗಾದ್ರೆ ಗೇಟಿನ ಯಜಮಾನ್ರ ಹತ್ರಾನೇ ಉಳೀತು ಅನ್ಸುತ್ತೆ.”

ಆಕೆ ಕೇಳಿದಳು. “ಅವರಿಗೆ ‘ಬಿಡಿ’ ಅಂತ ಹೇಳಿದ್ರಾ?”

ಆತ ಬಂದ ದಾರಿಯತ್ತ ತಿರುಗಿ ನೋಡಿದ.

ಆತನ ಆಟದಲ್ಲಿ ಜನ ಬಿದ್ದು ಬಿದ್ದು ನಗುವ ಒಂದು ತಮಾಷೆ ಇತ್ತು. ಸಭೆಯಿಂದ ಒಬ್ಬರನ್ನು ಕರೆದು ಹಗ್ಗದ ತುದಿ ಕೊಡುವನು. “ಗಟ್ಟಿಯಾಗಿ ಹಿಡ್ಕೊಳಿ ಸ್ವಾಮಿ. ನಾನು ಹೇಳೋ ತನಕ ಬಿಡಬೇಡಿ. ಹಿಂದೆ ಹೋಗಿ… ಇನ್ನೂ ಹಿಂದೆ…” ಕೋಟಿನ ಜೇಬಿನಿಂದ ಹಗ್ಗ ಬರುತ್ತಲೇ ಇರುತ್ತದೆ. ಹಿಡಿದವರು ಹಿಂದೆ ಹಿಂದೆ ಹೋಗಿ ಹಿಂಬಾಗಿಲಿನಿಂದ ಹೊರಗೇ ಹೋಗುತ್ತಾರೆ. ಆತ ಬಾಗಿಲು ಮುಚ್ಚಿ, ಅವರನ್ನು ಮರೆತವನಂತೆ ಬೇರೆ ಆಟ ಶುರುಮಾಡುತ್ತಾನೆ. “ಅಯ್ಯೋ, ಹೊರಗಿದ್ದಾರಲ್ರೀ!” ಎಂದು ಜನ ಕೂಗಿದರೆ, “ಯಾರು? ನಿಮ್ಮ ಕಡೆಯವರಾ?” ಎನ್ನುತ್ತಾನೆ. ಕೊನೆಗೆ ಹಗ್ಗ ಎಳೆದರೆ, ಪಾಪ, ಅವರು ತುದಿ ಹಿಡಿದುಕೊಂಡೇ ಒಳಗೆ ಬರುತ್ತಾರೆ. ಆಗ “ಬಿಡಿ ಸ್ವಾಮಿ” ಅನ್ನುವನು.

ಹಗ್ಗ ಹಿಡಿದವರು ಯಾರೇ ಆಗಲಿ, ಕೂಲಿಯವನಾಗಲಿ ಸಾಹುಕಾರನಾಗಲಿ, ಆತನ ಬಾಯಲ್ಲಿ ಬಹುವಚನವೇ. ಏಕವಚನ ಹೆಂಡತಿಗೆ ಮಾತ್ರ. ಕಟ್ಟು ಬಿಡಿಸಿಕೊಳ್ಳುವ ಆಟದಲ್ಲಿ ಆಕೆ ಆತನ ಬೆನ್ನ ಹಿಂದೆ ಗಂಟು ಹಿಡಿದು ನಿಲ್ಲಬೇಕು. ಆತ ತುಟಿಯಲ್ಲೇ “ಬಿಡು” ಅಂದಾಗ ಬಿಡಬೇಕು. ರೆಪ್ಪೆ ಬಡಿಯುವಷ್ಟು ತಡವಾದರೂ ಆಟ ಕೆಟ್ಟಿತು. ಮದುವೆಯಾದಾಗಿನಿಂದ ಅದೇ ಅಭ್ಯಾಸ. ಆ ಮಾತು ಆಕೆಯ ತಲೆಗೆ ಹೋಗುವ ಮೊದಲು ಕೈಗೆ ಹೋಗುತ್ತಿತ್ತು.

ಅವತ್ತು ಕರೆದದ್ದು ರೈಲ್ವೆ ಗೇಟ್ ಕಾಯುತ್ತಿದ್ದ ಯಜಮಾನರನ್ನು. ಕೆಲಸದಿಂದ ನಿವೃತ್ತಿಯಾಗಿ ಒಬ್ಬರೇ ಇದ್ದವರು. ತೆಳ್ಳನೆಯ ಅಂಗಿ ಬಿಟ್ಟರೆ ಮೈಮೇಲೆ ಬೆಚ್ಚಗಿನದು ಏನೂ ಇರಲಿಲ್ಲ.

“ಅವರನ್ನ ಕರೀಬೇಡಪ್ಪಾ, ಹಿಡಿದ್ರೆ ಬಿಡೋ ಆಸಾಮಿ ಅಲ್ಲ!” ಎಂದು ಯಾರೋ ಕೂಗಿದರು.

“ಮೇಲಿಂದ ಹೇಳದೆ ಒಂದು ದಿನ ಗೇಟ್ ಬಿಟ್ಟೋನಲ್ಲ ನಾನು,” ಎಂದು ಯಜಮಾನರು ಎದೆಯುಬ್ಬಿಸಿ ಹಿಂದೆ ಹಿಂದೆ ಹೋದರು.

“ರೀ, ಹೊರಗೆ ಚಳಿ ಇದೆ. ವಯಸ್ಸಾದೋರು,” ಎಂದು ಆಕೆ ಪಿಸುಗುಟ್ಟಿದಳು.

“ಎರಡು ನಿಮಿಷ ಕಣೇ.”

ಆ ಎರಡು ನಿಮಿಷದೊಳಗೆ ಕರೆಂಟು ಹೋಯಿತು. ಕುರ್ಚಿಗಳು ‘ಕರ್ರ್’ ಎಂದು ಸರಿದವು, ಮಕ್ಕಳು ಅತ್ತವು. ಆತನ ಕೈಯಲ್ಲಿದ್ದ ತುದಿ ಕತ್ತಲಲ್ಲಿ ಎಲ್ಲೋ ಜಾರಿತು. ಕಾದು ಕಾದು ಜನ ಮುಂಬಾಗಿಲಿನಿಂದ ಮನೆಗೆ ಹೋದರು. ಇವರು ಮೊಬೈಲ್ ಬೆಳಕಿನಲ್ಲಿ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಹೊರಗೆ ಒಬ್ಬರು ನಿಂತಿದ್ದಾರೆ ಎಂಬುದು… ಆತನಿಗೂ ಮರೆತಿತ್ತು, ಆಕೆಗೂ ಮರೆತಿತ್ತು.

“ವಾಪಸ್ ಹೋಗೋಣ,” ಎಂದ ಆತ. “ಎಲ್ಲೋ ಮನೆಗೆ ಹೋಗಿರ್ತಾರೆ ಬಿಡು. ಆದ್ರೂ…”

ತಿರುಗಿದಾಗ ಆಕೆಯ ಕಾಲಿಗೆ ಏನೋ ತೊಡರಿತು. ಬೆಳಕು ಬಿಟ್ಟು ನೋಡಿದರೆ… ಬಿಳಿ ಹಗ್ಗ. ಅವರದೇ. ಒಂದು ತುದಿ ಅಲ್ಲೇ ಹುಲ್ಲಿನ ಮೇಲೆ. ಉಳಿದದ್ದು ನೆಟ್ಟಗೆ ಬಾವಿಯ ಕಡೆ ಹೋಗಿ, ಕಟ್ಟೆ ಹತ್ತಿ, ಒಳಗೆ ಇಳಿದಿತ್ತು.

ಆತ ಚೀಲವನ್ನು ಕಟ್ಟೆಯ ಮೇಲಿಟ್ಟು ಬಗ್ಗಿದ. “ಯಜಮಾನ್ರೇ…?”

ತೊಟ್… ತೊಟ್… ಎಲ್ಲೋ ಕೆಳಗೆ ನೀರ ಹನಿ. ಆಮೇಲೆ ಅದೂ ನಿಂತಿತು. ಆಳದಿಂದ, ಬಹಳ ಮರ್ಯಾದೆಯ ದನಿ.

“ಸ್ವಾಮಿ… ಬಿಡ್ಲಾ?”

“ಬೇಡ! ಬಿಡಬೇಡಿ! ಗಟ್ಟಿಯಾಗಿ ಹಿಡ್ಕೊಳಿ, ಮೇಲಕ್ಕೆ ಎಳೀತೀನಿ!”

“ಆಗ್ಲಿ.”

ಬದುಕಿದ್ದಾರೆ! ಆತನಿಗೆ ಹೋದ ಜೀವ ಬಂದಂತಾಯಿತು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕಟ್ಟೆಗೆ ಕಾಲು ಕೊಟ್ಟು ಎಳೆದ. ಸರ್… ಸರ್… ಕಲ್ಲಿಗೆ ಉಜ್ಜಿಕೊಂಡು ಹಗ್ಗ ಬಂತು. ಹಗುರವಾಗಿ ಬಂತು. ಜೇಬಿನಿಂದ ಬರುವಷ್ಟು ಸಲೀಸಾಗಿ. ಆಕೆಯ ಕಾಲ ಬಳಿ ಸುರುಳಿ ಬೆಳೆಯಿತು… ಬೆಳೆಯುತ್ತಲೇ ಹೋಯಿತು.

“ರೀ…” ಎಂದಳು ಆಕೆ ಮೆಲ್ಲಗೆ. “ನಮ್ಮ ಹಗ್ಗ ಇಷ್ಟುದ್ದ ಇಲ್ಲ.”

ಹಗ್ಗ ನಿಂತಿತು. ಇನ್ನೂ ಜೋರಾಗಿ ಎಳೆಯಲು ಆತ ಅದನ್ನು ಮಣಿಕಟ್ಟಿಗೆ ಮೂರು ಸುತ್ತು ಬಿಗಿಯಾಗಿ ಸುತ್ತಿಕೊಂಡ.

ಕೆಳಗಿನಿಂದ ಒಮ್ಮೆ ಜಗ್ಗಿತು. ಜೋರಾಗಿ ಅಲ್ಲ, ಆಚೆ ಯಾರಿದ್ದಾರೆಂದು ನೋಡುವ ಹಾಗೆ. ಮರುಕ್ಷಣ ಒಂದೇ ಎಳೆತ. ಆತನ ಮೊಣಕಾಲು ಕಟ್ಟೆಗೆ ‘ಟಕ್’ ಎಂದು ಬಡಿಯಿತು. ಚೀಲ ಮಗುಚಿತು. ಡಬ್ಬಿಯ ಮುಚ್ಚಳ ಹಾರಿ ಸ್ಪ್ರಿಂಗ್ ಹಾವು ‘ಟಿಂಯ್’ ಎಂದು ಬಾವಿಗೆ ಹಾರಿತು. ನೀರಿಗೆ ಬಿದ್ದ ಸದ್ದು ಬರಲಿಲ್ಲ.

ಆಕೆ ಹಿಂದಿನಿಂದ ಆತನ ಸೊಂಟವನ್ನು ತಬ್ಬಿ ಹಿಡಿದಳು.

“ಯಜಮಾನ್ರೇ, ನಿಧಾನ… ನಿಧಾನ…” ಎಂದು ಆತ ಏದುಸಿರು ಬಿಟ್ಟ.

“ನೀವೇ ಅಂದ್ರಲ್ಲ ಸ್ವಾಮಿ… ಗಟ್ಟಿಯಾಗಿ ಅಂತ.”

ಈ ಸಲ ದನಿ ಆಳದಿಂದ ಬರಲಿಲ್ಲ. ಕಟ್ಟೆಯ ಒಳಮೈಗೆ ಅಂಟಿಕೊಂಡವರು ಆಡಿದ ಹಾಗೆ, ಹತ್ತಿರದಿಂದ ಬಂತು.

ಆತ ಹಗ್ಗ ಬಿಚ್ಚಲು ನೋಡಿದ. ಎಷ್ಟೋ ಗಂಟುಗಳಿಂದ ಕೈ ಬಿಡಿಸಿಕೊಂಡವನಿಗೆ ಮೂರು ಸುತ್ತು ಬಿಚ್ಚಲಾಗಲಿಲ್ಲ. ಎದೆ ಕಟ್ಟೆಯ ಆಚೆ ಹೋಯಿತು. ಹೊಟ್ಟೆ ಹೋಯಿತು. ಆಕೆ ಹಿಡಿದಿದ್ದಳು. ಕಟ್ಟೆಗೆ ಮಂಡಿ ಊರಿ, ಹಲ್ಲು ಕಚ್ಚಿ ಹಿಡಿದಿದ್ದಳು. ಇನ್ನೂ ಹಿಡಿದಿರುತ್ತಿದ್ದಳು… ಹಾಗೆಂದು ಆಕೆ ನನಗೆ ಎಷ್ಟು ಸಲ ಹೇಳಿದ್ದಾಳೋ.

ಆದರೆ ಆತ ಕೂಗಿಬಿಟ್ಟ. ಪ್ರಾಣಭಯ. ಮರ್ಯಾದೆ ಎಲ್ಲಿ ನೆನಪಿರುತ್ತದೆ?

“ಬಿಡು! ಏಯ್, ಬಿಡು!”

ಬಾವಿಯಲ್ಲಿದ್ದವರು ಬಿಡಲಿಲ್ಲ. ಅವರಿಗೆ ಆತ ಎಂದೂ ಹಾಗೆ ಹೇಳಿದವನಲ್ಲ.

ಆಕೆಯ ಕೈಗಳು ಬಿಟ್ಟವು.

‘ನಾನು ಬಿಟ್ಟೆ’ ಎಂದು ಆಕೆ ಹೇಳುವುದಿಲ್ಲ. ‘ಕೈ ಬಿಟ್ಟವು’ ಎನ್ನುತ್ತಾಳೆ.

ದುಡುಂ. ಆಮೇಲೆ ಕಾಲ ಬಳಿಯ ಸುರುಳಿ ‘ಸರ್ರ್ರ್’ ಎಂದು ಬಿಚ್ಚಿಕೊಳ್ಳುತ್ತ ಬಾವಿಗೆ ಇಳಿಯಿತು. ಪೂರ್ತಿ ಇಳಿದ ಮೇಲೆ ಏನೂ ಇಲ್ಲ. ತೊಟ್… ತೊಟ್… ಅಷ್ಟೇ.

ಆಕೆಯ ಚೀರಾಟಕ್ಕೆ ವಸತಿಯವರೆಲ್ಲ ಟಾರ್ಚ್ ಹಿಡಿದು ಬಂದರು. “ಇಬ್ಬರಿದ್ದಾರೆ ಒಳಗೆ, ಇಬ್ಬರು!” ಎಂದು ಒಂದೇ ಸಮನೆ ಹೇಳುತ್ತಿದ್ದಳು. ಸುದ್ದಿ ತಿಳಿದು ನಾನೂ ಹೋದೆ. ಅಗ್ನಿಶಾಮಕದವರು ಪಂಪು ಹಚ್ಚಿದರು. ಬೆಳಕು ಹರಿಯುವ ಹೊತ್ತಿಗೆ ಹಗ್ಗದಣ್ಣನನ್ನು ಮೇಲೆ ತಂದರು. ಜೀವ ಇರಲಿಲ್ಲ. ಆಮೇಲೆ ಕೆಸರು ಕಾಣುವ ತನಕ ನೀರೆತ್ತಿದರು. ಎರಡನೆಯವರು ಸಿಗಲಿಲ್ಲ.

“ಇನ್ನೊಬ್ಬರು ಎಲ್ಲಮ್ಮಾ?” ಎಂದು ಅವರು ಕೇಳುತ್ತಿದ್ದಾಗಲೇ, ಸಭಾಂಗಣ ಗುಡಿಸಲು ಬಂದವಳು ಹಿಂಬಾಗಿಲು ತೆಗೆದು ಕಿರುಚಿಕೊಂಡಳಂತೆ. ಸುದ್ದಿ ಬಂದು ನಾವೆಲ್ಲ ಅಲ್ಲಿಗೆ ಓಡಿದೆವು.

ಯಜಮಾನರು ಬಾಗಿಲ ಪಕ್ಕದ ಗೋಡೆಯ ಮೂಲೆಗೆ ಒರಗಿ ನಿಂತಿದ್ದರು. ನಿಂತೇ ಇದ್ದರು. ಕಣ್ಣು ತೆರೆದಿತ್ತು. ಚಳಿಗೆ ಹೃದಯ ನಿಂತಿದೆ, ಹಿಂದಿನ ಸಂಜೆಯೇ ಹೋಗಿದ್ದಾರೆ ಎಂದರು ಡಾಕ್ಟರು. ಬಾವಿಯಂತೂ, ಅಲ್ಲಿಂದ ಯಾರು ಕೂಗಿದರೂ ಕೇಳಿಸದಷ್ಟು ದೂರ. ಅಂಗಿ ಒಣಗಿತ್ತು. ಚಪ್ಪಲಿಗೆ ಹನಿ ನೀರು ತಾಗಿರಲಿಲ್ಲ. ಎರಡು ಮುಷ್ಟಿಗಳು ಎದೆಯ ಮುಂದೆ ಬಿಗಿದಿದ್ದವು, ಒಳಗೆ ಹಗ್ಗ ಇರಲಿಲ್ಲ.

ಅವರನ್ನು ಮಲಗಿಸುವ ಮುಂಚೆ ಆ ಮುಷ್ಟಿ ಬಿಡಿಸಿದವನು ನಾನೇ. ಬೇರೆ ಯಾರೋ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಅಂಗೈ ಒದ್ದೆಯಾಗಿತ್ತು. ಬೆರಳ ಸಂದಿಯಲ್ಲಿ ಹಸಿ ಪಾಚಿ ಇತ್ತು.